ವೈಫೈ ಕಂಡುಹಿಡಿದದ್ದು ಹಾಲಿವುಡ್ ನಟಿಯೇ? ಹೆಡಿ ಲಮಾರ್ ಬದುಕು, ಜೊತೆಗೆ ನಿಮ್ಮ ಗೇಮ್‌ನ ಲ್ಯಾಗ್

ಕಪ್ಪು-ಬಿಳುಪಿನ ಒಂದು ಚಂದದ ಫೋಟೊ, ಅದರ ಕೆಳಗೆ ನಾಲ್ಕು ಸಾಲು. ಈಕೆ ಜಗತ್ತಿನ ಅತಿ ಸುಂದರ ನಟಿ, ನೀವು ಬಳಸುತ್ತಿರುವ ವೈಫೈ ಈಕೆಯದೇ ಆವಿಷ್ಕಾರ, ಆದರೆ ಒಂದು ರೂಪಾಯಿಯೂ ಸಿಗಲಿಲ್ಲ, ಹತ್ತು ಜನರಿಗೆ ಕಳಿಸಿ. ಇಂಥ ಫಾರ್ವರ್ಡ್ ನಿಮ್ಮ ಮೊಬೈಲಿಗೂ ಬಂದಿರಬಹುದು. ಫೋಟೊದಲ್ಲಿರುವವರು ಹೆಡಿ ಲಮಾರ್.

ಮೊದಲೇ ಹೇಳಿಬಿಡುತ್ತೇವೆ. ನಟಿ ಎನ್ನುವುದು ನಿಜ. ಅವರ ಹೆಸರಲ್ಲಿ ರೇಡಿಯೊ ತಂತ್ರಜ್ಞಾನದ ಪೇಟೆಂಟ್ ಇತ್ತು ಎನ್ನುವುದೂ ನಿಜ, ಅದರಿಂದ ಹಣ ಸಿಗಲಿಲ್ಲ ಎನ್ನುವುದೂ ನಿಜ. ವೈಫೈ ಕಂಡುಹಿಡಿದರು ಎನ್ನುವುದು ಮಾತ್ರ ಸರಿಯಲ್ಲ. ಅವರು ಯೋಚಿಸಿದ್ದು ಬೇರೆಯದನ್ನು, ಅದು ಸುಳ್ಳು ಹೊಗಳಿಕೆಗಿಂತ ಹೆಚ್ಚು ಸ್ವಾರಸ್ಯವಾಗಿದೆ. ತಂತಿ ಇಲ್ಲದೆ ಸಂದೇಶ ಕಳಿಸಿದರೆ ಎಲ್ಲಿ ಪೆಟ್ಟು ಬೀಳುತ್ತದೆ ಎಂಬ ಪ್ರಶ್ನೆ ಅದು. ಪ್ಲೇಸ್ಟೇಷನ್ ಇರುವ ಮನೆಗಳಲ್ಲಿ ದಿನವೂ ನಡೆಯುವ ಕೇಬಲ್ ಹಾಕಬೇಕೋ ವೈಫೈ ಸಾಕೋ ಎಂಬ ಜಗಳದ ಬೇರೂ ಅಲ್ಲೇ ಇದೆ.

ವಿಯೆನ್ನಾದಿಂದ ಹಾಲಿವುಡ್‌ಗೆ

ಹೆಡಿ ಹುಟ್ಟಿದ್ದು 1914ರ ನವೆಂಬರ್ 9ರಂದು, ಆಸ್ಟ್ರಿಯಾದ ವಿಯೆನ್ನಾದಲ್ಲಿ. ಹುಟ್ಟು ಹೆಸರು ಹೆಡ್ವಿಗ್ ಈವಾ ಮರಿಯಾ ಕೀಸ್ಲರ್. ತಂದೆ ಎಮಿಲ್ ಬ್ಯಾಂಕಿನಲ್ಲಿ ದೊಡ್ಡ ಹುದ್ದೆಯಲ್ಲಿದ್ದರು, ತಾಯಿ ಪಿಯಾನೊ ಬಲ್ಲವರು. ಯಹೂದಿ ಮನೆತನ, ಅನುಕೂಲಸ್ಥ ಕುಟುಂಬ, ಒಬ್ಬಳೇ ಮಗಳು. ತಂದೆ ವಾಕಿಂಗ್‌ಗೆ ಕರೆದುಕೊಂಡು ಹೋದಾಗಲೆಲ್ಲ ಟ್ರಾಮ್ ಹೇಗೆ ಓಡುತ್ತದೆ, ಮುದ್ರಣ ಯಂತ್ರ ಹೇಗೆ ಕೆಲಸ ಮಾಡುತ್ತದೆ ಎಂದು ಬಿಡಿಸಿ ಹೇಳುತ್ತಿದ್ದರು. ಐದು ವರ್ಷದವಳಿದ್ದಾಗಲೇ ಹುಡುಗಿ ಮ್ಯೂಸಿಕ್ ಬಾಕ್ಸ್ ಒಂದನ್ನು ಬಿಚ್ಚಿ ಮತ್ತೆ ಜೋಡಿಸಿದ್ದಳಂತೆ. ಎಂಜಿನಿಯರಿಂಗ್ ಓದು ಎಂದು ಅವರಿಗೆ ಇದ್ದದ್ದು ಇಷ್ಟೇ. ಯಾವ ಕಾಲೇಜಿನಲ್ಲೂ ಅವರು ವಿಜ್ಞಾನ ಕಲಿತವರಲ್ಲ.

ಹದಿಹರೆಯದಲ್ಲೇ ಸಿನಿಮಾ ಸ್ಟುಡಿಯೊ ಸೇರಿದರು. 1933ರಲ್ಲಿ ತೆರೆಕಂಡ ಎಕ್ಸ್ಟಸಿ ಎಂಬ ಚಿತ್ರದ ನಗ್ನ ದೃಶ್ಯದಿಂದಾಗಿ ಯುರೋಪಿನಾದ್ಯಂತ ಗದ್ದಲವಾಯಿತು. ಅದೇ ವರ್ಷ ಫ್ರಿಟ್ಜ್ ಮಾಂಡ್ಲ್ ಎಂಬ ಶಸ್ತ್ರಾಸ್ತ್ರ ಕಾರ್ಖಾನೆಯ ಶ್ರೀಮಂತನನ್ನು ಮದುವೆಯಾದರು. ಆತ ಹೆಂಡತಿಯ ನಟನೆಯನ್ನು ನಿಲ್ಲಿಸಿದ, ಆ ಚಿತ್ರದ ಪ್ರತಿಗಳನ್ನೆಲ್ಲ ಕೊಂಡು ಮುಚ್ಚಿಹಾಕಲು ನೋಡಿದ. ಅವನ ಮನೆಯ ಊಟದ ಮೇಜಿಗೆ ಸೇನಾಧಿಕಾರಿಗಳು, ಆಯುಧ ತಯಾರಕರು ಬರುತ್ತಿದ್ದರು. ಅಲಂಕಾರ ಮಾಡಿಕೊಂಡು ಸುಮ್ಮನೆ ಕೂರುವುದು ಹೆಡಿಯ ಕೆಲಸ. ಅವರು ಕೂತರು, ಕೇಳಿಸಿಕೊಂಡರು. ಕೆಲವು ಫಾರ್ವರ್ಡ್‌ಗಳು ಇಲ್ಲಿಂದ ಅವರನ್ನು ನಾಜಿ ರಹಸ್ಯ ಕದ್ದ ಗೂಢಚಾರಿಣಿ ಮಾಡಿಬಿಡುತ್ತವೆ. ಅದಕ್ಕೆ ಪುರಾವೆಯಿಲ್ಲ. ಆಯುಧಗಳು ಹೇಗೆ ಗುರಿ ತಪ್ಪುತ್ತವೆ ಎಂಬ ಮಾತು ಅವರ ಕಿವಿಗೆ ಬಿದ್ದಿತ್ತು ಎಂದಷ್ಟೇ ಹೇಳಬಹುದು.

1937ರಲ್ಲಿ ಅವರು ಆ ಮನೆಯಿಂದ ಓಡಿಹೋದರು. ಕೆಲಸದವಳ ವೇಷದಲ್ಲಿ ತಪ್ಪಿಸಿಕೊಂಡರು, ಒಡವೆಗಳನ್ನು ಬಟ್ಟೆಗೆ ಹೊಲಿದುಕೊಂಡರು ಎಂದೆಲ್ಲ ಕಥೆಗಳಿವೆ. ಹೆಡಿಯೇ ಅದನ್ನು ಒಂದೊಂದು ಸಲ ಒಂದೊಂದು ರೀತಿ ಹೇಳಿದ್ದಾರೆ. ಲಂಡನ್‌ನಲ್ಲಿ ಎಂಜಿಎಂ ಸ್ಟುಡಿಯೊದ ಲೂಯಿ ಬಿ. ಮೇಯರ್ ಕೊಡಲು ಬಂದ ಸಂಬಳ ಸಾಲದೆಂದು ನಿರಾಕರಿಸಿದರು. ಆಮೇಲೆ ಆತ ಅಮೆರಿಕಕ್ಕೆ ಮರಳುತ್ತಿದ್ದ ನಾರ್ಮಂಡಿ ಹಡಗನ್ನೇ ಹತ್ತಿದರು. ಹಡಗು ನ್ಯೂಯಾರ್ಕ್ ಮುಟ್ಟುವಷ್ಟರಲ್ಲಿ ಹೆಚ್ಚಿನ ಸಂಬಳದ ಒಪ್ಪಂದವೂ ಹೆಡಿ ಲಮಾರ್ ಎಂಬ ಹೊಸ ಹೆಸರೂ ಸಿಕ್ಕಿದ್ದವು. 1938ರ ಅಲ್ಜಿಯರ್ಸ್ ಚಿತ್ರ ಅವರನ್ನು ತಾರೆಯನ್ನಾಗಿ ಮಾಡಿತು.

ಶೂಟಿಂಗ್ ಮುಗಿದ ಮೇಲೆ ಪಾರ್ಟಿಗಳಿಗೆ ಹೋಗುವುದು ಅವರಿಗೆ ಇಷ್ಟವಿರಲಿಲ್ಲ. ಮನೆಯಲ್ಲಿ ನಕ್ಷೆ ಬರೆಯುವ ಮೇಜು ಇತ್ತು, ಎಂಜಿನಿಯರಿಂಗ್ ಪುಸ್ತಕಗಳಿದ್ದವು. ನೀರಿಗೆ ಹಾಕಿದರೆ ಕೋಲಾ ಆಗುವ ಮಾತ್ರೆಯೊಂದನ್ನು ಮಾಡಲು ಹೋಗಿ ಕೈಸುಟ್ಟುಕೊಂಡಿದ್ದರು. ವಿಮಾನ ತಯಾರಕ ಹೊವರ್ಡ್ ಹ್ಯೂಸ್‌ಗೆ ಹಕ್ಕಿ ಮತ್ತು ಮೀನಿನ ಆಕಾರ ನೋಡಿ ರೆಕ್ಕೆಯ ವಿನ್ಯಾಸ ಬದಲಿಸುವ ಸಲಹೆ ಕೊಟ್ಟದ್ದೂ ಉಂಟು. ಹವ್ಯಾಸಿ ಎಂದರೆ ಹವ್ಯಾಸಿಯೇ, ಆದರೆ ಹಟವಾದಿ ಹವ್ಯಾಸಿ.

ಮುಳುಗಿದ ಹಡಗಿನ ಹೆಸರು ಬೆನಾರಸ್

1940ರ ಸೆಪ್ಟೆಂಬರ್ 17ರ ರಾತ್ರಿ, ಬ್ರಿಟನ್ನಿನಿಂದ ಕೆನಡಾಕ್ಕೆ ಮಕ್ಕಳನ್ನು ಸಾಗಿಸುತ್ತಿದ್ದ ಹಡಗೊಂದನ್ನು ಜರ್ಮನಿಯ ಯು-48 ಸಬ್‌ಮರೀನ್ ಅಟ್ಲಾಂಟಿಕ್ ಸಾಗರದಲ್ಲಿ ಮುಳುಗಿಸಿತು. ಬಾಂಬ್ ದಾಳಿಯಿಂದ ಪಾರಾಗಲೆಂದು ಕಳಿಸಿದ್ದ 90 ಮಕ್ಕಳಲ್ಲಿ 77 ಮಂದಿ ಸತ್ತರು. ಹಡಗಿನ ಹೆಸರು ಸಿಟಿ ಆಫ್ ಬೆನಾರಸ್, ಅಂದರೆ ನಮ್ಮ ಕಾಶಿಯದೇ ಹೆಸರು. ಅದರಲ್ಲಿ ದುಡಿಯುತ್ತಿದ್ದ ಅನೇಕ ಭಾರತೀಯ ನಾವಿಕರೂ ಆ ರಾತ್ರಿ ನೀರುಪಾಲಾದರು.

ಹೆಡಿಯ ತಾಯಿಯೂ ಯುರೋಪಿನಿಂದ ಅಮೆರಿಕಕ್ಕೆ ಬರಬೇಕಾಗಿದ್ದ ಕಾಲ ಅದು. ಸಬ್‌ಮರೀನ್‌ಗಳನ್ನು ಹೊಡೆಯುವುದು ಹೇಗೆ ಎಂಬ ಯೋಚನೆ ಅವರನ್ನು ಹಿಡಿದುಕೊಂಡಿತು.

ಆಗಿನ ಟಾರ್ಪಿಡೊ ಬಿಟ್ಟ ಬಾಣದ ಹಾಗೆ. ಒಮ್ಮೆ ಹೊರಟರೆ ಮುಗಿಯಿತು, ಗುರಿ ಪಕ್ಕಕ್ಕೆ ಸರಿದರೆ ತಿರುಗಿಸಲು ಆಗದು. ತಿರುಗಿಸಬೇಕೆಂದರೆ ದಾರಿ ಎರಡು. ಒಂದು, ತಂತಿ ಕಟ್ಟುವುದು. 19ನೇ ಶತಮಾನದಲ್ಲೇ ಲೂಯಿ ಬ್ರೆನನ್ ಎಂಬಾತ ತಂತಿಯಿಂದ ನಡೆಸುವ ಟಾರ್ಪಿಡೊ ಮಾಡಿದ್ದ, ಬ್ರಿಟಿಷರು ಅದನ್ನು ಬಂದರುಗಳ ಕಾವಲಿಗೆ ಇಟ್ಟುಕೊಂಡಿದ್ದರು. ತಂತಿಯಲ್ಲಿ ಹೋಗುವ ಆಜ್ಞೆಗೆ ದೂರದಲ್ಲಿರುವ ಶತ್ರು ಅಡ್ಡಿ ಮಾಡಲಾರ. ಆದರೆ ತಂತಿ ಮುಗಿದಲ್ಲಿಗೆ ಆಟ ಮುಗಿಯಿತು. ಇನ್ನೊಂದು ದಾರಿ ರೇಡಿಯೊ. ಇಲ್ಲಿ ತಂತಿಯ ಹಂಗಿಲ್ಲ, ಎಷ್ಟು ದೂರ ಬೇಕಾದರೂ ಹೋಗಲಿ. ತೊಂದರೆ ಏನೆಂದರೆ ಗಾಳಿ ಎಲ್ಲರದು. ನೀವು ಯಾವ ಫ್ರೀಕ್ವೆನ್ಸಿಯಲ್ಲಿ ಆಜ್ಞೆ ಕಳಿಸುತ್ತಿದ್ದೀರಿ ಎಂದು ಶತ್ರುವಿಗೆ ಗೊತ್ತಾದರೆ ಅದೇ ಫ್ರೀಕ್ವೆನ್ಸಿಯಲ್ಲಿ ಬರೀ ಗದ್ದಲ ಎಬ್ಬಿಸಿದರೆ ಸಾಕು, ಟಾರ್ಪಿಡೊ ಕಿವುಡಾಗುತ್ತದೆ. ಇದನ್ನೇ ಜಾಮಿಂಗ್ ಎನ್ನುವುದು.

ಹೆಡಿಗೆ ಹೊಳೆದ ಉಪಾಯ ಇದು: ಒಂದೇ ಫ್ರೀಕ್ವೆನ್ಸಿಯಲ್ಲಿ ಯಾಕೆ ನಿಲ್ಲಬೇಕು? ಕಳಿಸುವವನೂ ಕೇಳುವವನೂ ಮೊದಲೇ ಮಾತಾಡಿಕೊಂಡು ಒಂದರಿಂದ ಇನ್ನೊಂದಕ್ಕೆ ಜಿಗಿಯುತ್ತಾ ಹೋಗಲಿ. ಶತ್ರು ಒಂದನ್ನು ಹುಡುಕಿ ಗದ್ದಲ ಎಬ್ಬಿಸುವಷ್ಟರಲ್ಲಿ ಸಂದೇಶ ಬೇರೆ ಕಡೆ ಹೋಗಿರುತ್ತದೆ.

ಯೋಚನೆ ಸರಿ, ಆದರೆ ಎರಡೂ ಕಡೆ ಒಂದೇ ಕ್ಷಣಕ್ಕೆ ಜಿಗಿಯುವಂತೆ ಮಾಡುವುದು ಹೇಗೆ? ಇಲ್ಲಿ ಬಂದವರು ಜಾರ್ಜ್ ಆಂಥೈಲ್, ಸಂಗೀತ ಸಂಯೋಜಕ. 1940ರಲ್ಲಿ ಒಂದು ಊಟದ ಮನೆಯಲ್ಲಿ ಇಬ್ಬರಿಗೂ ಪರಿಚಯವಾಗಿತ್ತು. ಪ್ಲೇಯರ್ ಪಿಯಾನೊ ಎಂದರೆ ತೂತುಗಳಿರುವ ಕಾಗದದ ಸುರುಳಿ ಸುತ್ತುತ್ತಾ ಹೋದಂತೆ ತಾನೇ ನುಡಿಯುವ ಪಿಯಾನೊ. ಅಂಥ 16 ಪಿಯಾನೊಗಳನ್ನು ಒಟ್ಟಿಗೆ ನುಡಿಸುವ ಕೃತಿಯೊಂದನ್ನು 1920ರ ದಶಕದಲ್ಲಿ ಬರೆದು, ಅವನ್ನು ಹೊಂದಿಸಲಾಗದೆ ಸಾಕುಸಾಕಾಗಿದ್ದವರು ಆಂಥೈಲ್. ಅದೇ ಕಾಗದದ ಸುರುಳಿ ಈಗ ಉಪಯೋಗಕ್ಕೆ ಬಂತು. ಹಡಗಿನಲ್ಲಿ ಒಂದು ಸುರುಳಿ, ಟಾರ್ಪಿಡೊ ಒಳಗೆ ಅದರದೇ ನಕಲು. ಎರಡನ್ನೂ ಒಟ್ಟಿಗೆ ಬಿಟ್ಟರೆ ತೂತು ಬಂದಲ್ಲೆಲ್ಲ ಎರಡೂ ಕಡೆ ಒಂದೇ ಫ್ರೀಕ್ವೆನ್ಸಿಗೆ ತಿರುಗುತ್ತವೆ. ಸುರುಳಿಯಲ್ಲಿ 88 ಸಾಲು ಇರಬಹುದು ಎಂದು ಪೇಟೆಂಟ್‌ನಲ್ಲಿ ಬರೆದಿದೆ. ಪಿಯಾನೊದ ಮನೆಗಳೂ 88.

ಕೆಲವರು ಈ ಕೆಲಸವೆಲ್ಲ ಆಂಥೈಲ್‌ನದೇ, ನಟಿಯ ಹೆಸರು ಪ್ರಚಾರಕ್ಕೆ ಮಾತ್ರ ಎನ್ನುತ್ತಾರೆ. ಆದರೆ ಮೂಲ ಯೋಚನೆ ಹೆಡಿಯದು ಎಂದು ಆಂಥೈಲ್ ತಾವೇ ಪತ್ರಗಳಲ್ಲಿ ಬರೆದಿದ್ದಾರೆ. ವಿದ್ಯುತ್ ಭಾಗವನ್ನು ಸರಿಪಡಿಸಲು ಕ್ಯಾಲ್‌ಟೆಕ್‌ನ ಪ್ರಾಧ್ಯಾಪಕರೊಬ್ಬರ ನೆರವು ಸಿಕ್ಕಿತು. 1941ರ ಜೂನ್ 10ರಂದು ಅರ್ಜಿ ಹೋಯಿತು, 1942ರ ಆಗಸ್ಟ್ 11ರಂದು ಪೇಟೆಂಟ್ ಬಂತು.

ಅಮೆರಿಕದ ನೌಕಾಪಡೆ ಅದನ್ನು ಬೇಡವೆಂದಿತು. ಟಾರ್ಪಿಡೊದೊಳಗೆ ಹಿಡಿಸದಷ್ಟು ದೊಡ್ಡದು ಎಂಬ ಕಾರಣ ಕೊಟ್ಟರು. ಪಿಯಾನೊ ಎಂಬ ಪದ ಕಂಡ ಅಧಿಕಾರಿಗಳು ಟಾರ್ಪಿಡೊದೊಳಗೆ ಪಿಯಾನೊವನ್ನೇ ಇಡುತ್ತಾರೆ ಎಂದುಕೊಂಡಿರಬೇಕು ಎಂದು ಆಂಥೈಲ್‌ಗೆ ಕೊನೆಯವರೆಗೂ ಅನುಮಾನವಿತ್ತು. ನ್ಯಾಯವಾಗಿ ಹೇಳಬೇಕೆಂದರೆ, ಆ ಹೊತ್ತಿನಲ್ಲಿ ಅಮೆರಿಕದ ಟಾರ್ಪಿಡೊಗಳು ನೇರವಾಗಿ ಹೋಗಿ ಸಿಡಿಯುವುದೇ ಕಷ್ಟವಾಗಿತ್ತು, ಹೊಸ ಪ್ರಯೋಗಕ್ಕೆ ಯಾರಿಗೂ ಪುರುಸೊತ್ತಿರಲಿಲ್ಲ. ಹೆಡಿಯ ಪಾಲಿಗೆ ಬಂದ ಯುದ್ಧದ ಕೆಲಸ ಬೇರೆ: ಊರೂರು ಸುತ್ತಿ ಯುದ್ಧದ ಬಾಂಡ್ ಮಾರುವುದು. ಅದನ್ನೂ ಚೆನ್ನಾಗಿಯೇ ಮಾಡಿದರು.

ಅವರ ಭಯ ಮಾತ್ರ ನಿಜವಾಯಿತು. 1943ರಲ್ಲಿ ಜರ್ಮನ್ನರು ರೇಡಿಯೊದಿಂದ ನಡೆಸುವ ಬಾಂಬ್‌ಗಳನ್ನು ಹಡಗುಗಳ ಮೇಲೆ ಬಿಟ್ಟರು. ಮಿತ್ರಪಕ್ಷದವರು ಅವುಗಳ ಫ್ರೀಕ್ವೆನ್ಸಿ ಪತ್ತೆಹಚ್ಚಿ ಜಾಮ್ ಮಾಡಲು ಕಲಿತರು. ಅದಕ್ಕೆ ಉತ್ತರವಾಗಿ ಜರ್ಮನ್ನರು ರೂಪಿಸಿದ ಮಾದರಿಗಳಲ್ಲೊಂದು ಯಾವುದು ಗೊತ್ತೇ? ತಂತಿ ಕಟ್ಟಿದ ಬಾಂಬ್!

ಹಾಗಾದರೆ ವೈಫೈ ಎಲ್ಲಿಂದ ಬಂತು?

ಫ್ರೀಕ್ವೆನ್ಸಿ ಜಿಗಿತದ ಯೋಚನೆ ಹೆಡಿಗಿಂತ ಮೊದಲೂ ಇತ್ತು. 1903ರ ಟೆಸ್ಲಾ ಪೇಟೆಂಟ್‌ನಲ್ಲಿ ಒಂದಕ್ಕಿಂತ ಹೆಚ್ಚು ಫ್ರೀಕ್ವೆನ್ಸಿ ಬಳಸುವ ಮಾತಿದೆ. 1932ರಲ್ಲಿ ಬ್ರೂರ್ಟ್ಯೆಸ್ ಎಂಬ ಡಚ್ಚರಿಗೂ ಇಂಥದ್ದೇ ಒಂದು ಪೇಟೆಂಟ್ ಅಮೆರಿಕದಲ್ಲಿ ಸಿಕ್ಕಿತ್ತು. ಆದ್ದರಿಂದ ಮೊದಲಿಗರು ಎನ್ನುವುದೂ ಕಷ್ಟ. ಟಾರ್ಪಿಡೊಗೆ ಅದನ್ನು ಹೊಂದಿಸಿ, ಎರಡೂ ತುದಿ ಒಟ್ಟಿಗೆ ಜಿಗಿಯುವ ಉಪಾಯ ಕೊಟ್ಟದ್ದು ಹೆಡಿ ಮತ್ತು ಆಂಥೈಲ್ ಅವರ ಪಾಲು. ಅದೇನೂ ಸಣ್ಣ ಪಾಲಲ್ಲ.

ಯುದ್ಧದ ನಂತರ ಇಂಥ ತಂತ್ರಗಳನ್ನು ಸೇನೆಗಳು ಬೇರೆ ಬೇರೆ ದಾರಿಯಲ್ಲಿ ಬೆಳೆಸಿದವು. 1985ರಲ್ಲಿ ಅಮೆರಿಕದ ಸಂವಹನ ಆಯೋಗ 2.4 ಗಿಗಾಹರ್ಟ್ಜ್ ಸೇರಿದಂತೆ ಮೂರು ಪಟ್ಟಿಗಳನ್ನು ಲೈಸೆನ್ಸ್ ಇಲ್ಲದೆ ಬಳಸಲು ಬಿಟ್ಟುಕೊಟ್ಟಿತು. ಸಂಕೇತವನ್ನು ಹರಡಿ ಕಳಿಸಬೇಕು ಎಂಬುದು ಷರತ್ತು. 1997ರಲ್ಲಿ ಬಂದ ವೈಫೈನ ಮೊದಲ ನಿಯಮಾವಳಿಯಲ್ಲಿ ಸಂದೇಶ ಕಳಿಸಲು ಮೂರು ವಿಧಾನಗಳಿದ್ದವು, ಅವುಗಳಲ್ಲಿ ಒಂದು ಫ್ರೀಕ್ವೆನ್ಸಿ ಜಿಗಿತ. ಆದರೆ 1999ರಿಂದ ಮನೆಮನೆಗೆ ಬಂದ ವೇಗದ ವೈಫೈ ಜಿಗಿತವನ್ನು ಬಿಟ್ಟೇಬಿಟ್ಟಿತು. ಇವತ್ತಿನ ನಿಮ್ಮ ರೂಟರ್ ಒಂದು ಚಾನೆಲ್ ಹಿಡಿದು ಅಲ್ಲೇ ಕೂರುತ್ತದೆ.

ಜಿಗಿತ ಉಳಿದುಕೊಂಡದ್ದು ಬ್ಲೂಟೂತ್‌ನಲ್ಲಿ. ಪ್ಲೇಸ್ಟೇಷನ್, ನಿಂಟೆಂಡೊ ಸ್ವಿಚ್‌ನ ವೈರ್‌ಲೆಸ್ ಕಂಟ್ರೋಲರ್ ಕನ್ಸೋಲ್ ಜೊತೆ ಮಾತಾಡುವುದು ಬ್ಲೂಟೂತ್ ಮೂಲಕ. ಈ ಬ್ಲೂಟೂತ್ 79 ಚಾನೆಲ್‌ಗಳ ನಡುವೆ ಸೆಕೆಂಡಿಗೆ 1600 ಸಲ ಜಿಗಿಯುತ್ತದೆ. ಕಾಗದದ ಸುರುಳಿಯ ಜಾಗದಲ್ಲಿ ಈಗ ಲೆಕ್ಕಾಚಾರ ಮಾಡುವ ಚಿಪ್ ಇದೆ. ಅಕ್ಕಪಕ್ಕದ ವೈಫೈ ಗದ್ದಲ ಎಬ್ಬಿಸಿರುವ ಚಾನೆಲ್‌ಗಳನ್ನು ಗುರುತಿಸಿ ಅವನ್ನು ಬಿಟ್ಟು ಜಿಗಿಯುವುದನ್ನೂ ಅದು ಕಲಿತಿದೆ. ಹೆಡಿಯ ನೆನಪು ಮಾಡಿಕೊಳ್ಳಬೇಕೆಂದರೆ ಗೋಡೆಯ ಮೇಲಿನ ರೂಟರ್ ಕಡೆ ನೋಡುವುದಕ್ಕಿಂತ ಕೈಯಲ್ಲಿರುವ ಕಂಟ್ರೋಲರ್ ನೋಡುವುದು ಸರಿ.

ಕೇಬಲ್ಲೋ ವೈಫೈಯೋ?

ನಿಮ್ಮ ಕನ್ಸೋಲ್‌ನಿಂದ ರೂಟರ್‌ವರೆಗಿನ ಹತ್ತು ಅಡಿಯಲ್ಲೂ ಇರುವುದು ಅದೇ ಹಳೇ ಕಥೆ, ಗಾಳಿ ಎಲ್ಲರದು. ಇಲ್ಲಿ ಶತ್ರುವಿಲ್ಲ, ಬೇಕೆಂದೇ ಜಾಮ್ ಮಾಡುವವರಿಲ್ಲ. ಆದರೆ ಪಕ್ಕದ ಮನೆಯ ರೂಟರ್ ಇದೆ, ಮೇಲಿನ ಮಹಡಿಯವರ ಸ್ಮಾರ್ಟ್ ಟಿವಿ ಇದೆ, 2.45 ಗಿಗಾಹರ್ಟ್ಜ್‌ನಲ್ಲಿ ಅನ್ನ ಬಿಸಿ ಮಾಡುವ ಮೈಕ್ರೊವೇವ್ ಇದೆ. ಒಂದು ವೈಫೈ ಚಾನೆಲ್‌ನಲ್ಲಿ ಸಾಮಾನ್ಯವಾಗಿ ಒಂದು ಸಲಕ್ಕೆ ಒಬ್ಬರು ಮಾತ್ರ ಮಾತಾಡಬಹುದು. ಹಾಗಾಗಿ ಪ್ರತಿ ಸಾಧನವೂ ಮೊದಲು ಕೇಳಿಸಿಕೊಳ್ಳುತ್ತದೆ, ಖಾಲಿಯಿದ್ದರೆ ಕಳಿಸುತ್ತದೆ. ತಲುಪಿತು ಎಂಬ ಉತ್ತರ ಬಾರದಿದ್ದರೆ ಸ್ವಲ್ಪ ಕಾದು ಮತ್ತೆ ಕಳಿಸುತ್ತದೆ. ಸಿನಿಮಾ ನೋಡುವವರಿಗೆ ಇದು ಗೊತ್ತೇ ಆಗುವುದಿಲ್ಲ, ಮುಂದಿನ ಕೆಲವು ಸೆಕೆಂಡುಗಳ ವಿಡಿಯೊ ಮೊದಲೇ ಬಂದು ಕೂತಿರುತ್ತದೆ. ಗೇಮ್‌ನಲ್ಲಿ ಹಾಗಲ್ಲ. ನೀವು ಬಟನ್ ಒತ್ತಿದ ಸುದ್ದಿ ಈಗಲೇ ಹೋಗಬೇಕು. ಅರ್ಧ ಸೆಕೆಂಡ್ ತಡವಾಗಿ ತಲುಪಿದ ಗುಂಡು ಎದುರಾಳಿಗೆ ತಗಲುವುದಿಲ್ಲ.

ಇಲ್ಲೊಂದು ತಪ್ಪು ತಿಳಿವಳಿಕೆ ಇದೆ. ಲ್ಯಾಗ್ ಆದ ಕೂಡಲೇ 100 ಎಂಬಿಪಿಎಸ್ ಪ್ಲಾನ್ ಬಿಟ್ಟು 300ರ ಪ್ಲಾನ್ ಹಾಕಿಸುತ್ತಾರೆ. ಆಟ ನಡೆಯುವಾಗ ಬಹುತೇಕ ಗೇಮ್‌ಗಳು ಒಂದು ಎಂಬಿಪಿಎಸ್ ಕೂಡ ತಿನ್ನುವುದಿಲ್ಲ. ಬೇಕಾದದ್ದು ಅಗಲವಾದ ರಸ್ತೆಯಲ್ಲ, ಪ್ರತಿ ಸಲವೂ ಒಂದೇ ಹೊತ್ತಿಗೆ ಬರುವ ಬಸ್ಸು. ಲ್ಯಾನ್ ಕೇಬಲ್ ಕೊಡುವುದು ಅದನ್ನೇ. ಕೇಬಲ್‌ನೊಳಗಿನ ದಾರಿ ನಿಮ್ಮ ಕನ್ಸೋಲ್‌ಗೆ ಮಾತ್ರ ಮೀಸಲು, ಹೋಗುವ ಸಂದೇಶವೂ ಬರುವ ಸಂದೇಶವೂ ಒಟ್ಟಿಗೆ ಓಡಬಹುದು, ಸರದಿ ಕಾಯಬೇಕಿಲ್ಲ. ರೂಟರ್‌ವರೆಗಿನ ಪ್ರಯಾಣ ಒಂದು ಮಿಲಿಸೆಕೆಂಡಿಗೂ ಕಡಿಮೆ. ಪಿಂಗ್ 40 ಎಂದರೆ 40ರ ಆಸುಪಾಸಿನಲ್ಲೇ ಇರುತ್ತದೆ. ವೈಫೈನಲ್ಲಿ ಸರಾಸರಿ 45 ಇದ್ದರೂ ನಡುನಡುವೆ 200ಕ್ಕೆ ಹಾರಬಹುದು. ಸೋಲಿಸುವುದು ಆ ಹಾರಾಟ, ಸರಾಸರಿಯಲ್ಲ.

ಆದರೆ ಕೇಬಲ್ ಎಲ್ಲ ರೋಗಕ್ಕೂ ಮದ್ದಲ್ಲ. ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಬೆಂಗಳೂರಿನಿಂದ ಸಿಂಗಪುರಕ್ಕೆ ನೇರ ದೂರವೇ ಸುಮಾರು 3,200 ಕಿ.ಮೀ. ಗೇಮ್‌ನ ಸರ್ವರ್ ಅಲ್ಲಿದ್ದರೆ ಹೋಗಿ ಬರಲು ಕನಿಷ್ಠ 32 ಮಿಲಿಸೆಕೆಂಡ್ ಬೇಕೇ ಬೇಕು. ಮನೆಯೊಳಗೆ ಎಂಥ ಕೇಬಲ್ ಹಾಕಿದರೂ ಅದು ಇಳಿಯದು. ಚಿನ್ನದ ಲೇಪನವಿರುವ ಗೇಮಿಂಗ್ ಕೇಬಲ್ ಎಂದು ದುಬಾರಿ ಬೆಲೆಗೆ ಮಾರುವುದಕ್ಕೂ ಬೀಳಬೇಡಿ. ಸಾಧಾರಣ ಕ್ಯಾಟ್ 5ಇ ಕೇಬಲ್ 100 ಮೀಟರ್‌ವರೆಗೆ ಸೆಕೆಂಡಿಗೆ ಒಂದು ಗಿಗಾಬಿಟ್ ಸಾಗಿಸುತ್ತದೆ. ಬಾಡಿಗೆ ಮನೆಯಲ್ಲಿ ಗೋಡೆ ಕೊರೆಯುವಂತಿಲ್ಲ ಎಂದಾದರೆ 5 ಗಿಗಾಹರ್ಟ್ಜ್ ವೈಫೈ ಬಳಸಿ, ರೂಟರನ್ನು ಅದೇ ಕೋಣೆಗೆ ತನ್ನಿ. 2.4ರಷ್ಟು ಜನಜಂಗುಳಿ ಅಲ್ಲಿಲ್ಲ, ಕಂಟ್ರೋಲರ್‌ನ ಬ್ಲೂಟೂತ್ ಜೊತೆ ತಿಕ್ಕಾಟವೂ ತಪ್ಪುತ್ತದೆ. ಮೊದಮೊದಲ ಪ್ಲೇಸ್ಟೇಷನ್ 4 ಮಾದರಿಗಳಲ್ಲಿ ವೈಫೈ 2.4ರಲ್ಲಿ ಮಾತ್ರ ಇತ್ತು. ಅಂಥದ್ದು ನಿಮ್ಮಲ್ಲಿದ್ದರೆ ಲ್ಯಾನ್ ಕೇಬಲ್ ಎಳೆಯುವುದೇ ಒಳ್ಳೆಯದು.

ಕೊನೆಯ ವರ್ಷಗಳು

ಹೆಡಿಯ ದೊಡ್ಡ ಗೆಲುವು 1949ರ ಸ್ಯಾಮ್ಸನ್ ಅಂಡ್ ಡಿಲೈಲಾ. ಆಮೇಲೆ ಚಿತ್ರಗಳು ಕಡಿಮೆಯಾದವು. 1953ರಲ್ಲಿ ಅಮೆರಿಕದ ಪೌರತ್ವ ಸಿಕ್ಕಿತು. ಆರು ಮದುವೆಗಳು, ಆರೂ ಮುರಿದವು. 1966ರಲ್ಲಿ ಅಂಗಡಿಯಲ್ಲಿ ಕಳವು ಮಾಡಿದ ಆರೋಪ ಬಂದು, ನ್ಯಾಯಾಲಯದಲ್ಲಿ ಖುಲಾಸೆಯಾದರೂ ಪತ್ರಿಕೆಗಳು ಬಿಡಲಿಲ್ಲ. ತಮ್ಮ ಹೆಸರಲ್ಲಿ ಬೇರೆಯವರು ಬರೆದ ಆತ್ಮಕಥೆಯ ವಿರುದ್ಧ ತಾವೇ ಕೋರ್ಟಿಗೆ ಹೋದರು. ಮುಖದ ಮೇಲೆ ಹಲವು ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಮೇಲೆ ಜನರೆದುರು ಬರುವುದನ್ನೇ ಬಿಟ್ಟು, ಫ್ಲಾರಿಡಾದಲ್ಲಿ ಒಂಟಿಯಾಗಿದ್ದರು. ಗೆಳೆಯರ ಜೊತೆ ಮಾತು ಹೆಚ್ಚಾಗಿ ಫೋನಿನಲ್ಲೇ.

ಪೇಟೆಂಟ್ ಅವಧಿ 1959ರಲ್ಲೇ ಮುಗಿದಿತ್ತು. ಅದೇ ವರ್ಷ ಆಂಥೈಲ್ ತೀರಿಕೊಂಡರು. ಬ್ಲೂಟೂತ್ ಕಂಪನಿಗಳು ಅವರಿಗೆ ಮೋಸ ಮಾಡಿದವು ಎನ್ನುವ ಫಾರ್ವರ್ಡ್‌ನ ಸಾಲು ಈ ಕಾರಣಕ್ಕೇ ನಿಲ್ಲುವುದಿಲ್ಲ. ಬ್ಲೂಟೂತ್ ಹುಟ್ಟುವ ಹೊತ್ತಿಗೆ ವಸೂಲಿ ಮಾಡಲು ಪೇಟೆಂಟೇ ಇರಲಿಲ್ಲ. ಆದ ಅನ್ಯಾಯ ಬೇರೆಯದು. ಅರ್ಧ ಶತಮಾನದ ಕಾಲ ಅವರ ಮುಖದ ಬಗ್ಗೆ ಬರೆದವರಿಗೆ ಲೆಕ್ಕವಿಲ್ಲ, ಈ ಕೆಲಸದ ಬಗ್ಗೆ ಕೇಳಿದವರು ಬೆರಳೆಣಿಕೆಯಷ್ಟು.

1997ರಲ್ಲಿ, ಅಂದರೆ ವೈಫೈನ ಮೊದಲ ನಿಯಮಾವಳಿ ಬಂದ ವರ್ಷವೇ, ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ ಇಬ್ಬರಿಗೂ ಪ್ರಶಸ್ತಿ ಕೊಟ್ಟಿತು. 82 ವರ್ಷದ ಹೆಡಿ ಸಮಾರಂಭಕ್ಕೆ ಹೋಗಲಿಲ್ಲ, ಮಗ ಹೋಗಿ ಸ್ವೀಕರಿಸಿದರು. 2000ದ ಜನವರಿ 19ರಂದು ಅವರು ತೀರಿಕೊಂಡರು. ಅವರ ಇಚ್ಛೆಯಂತೆ ಚಿತಾಭಸ್ಮವನ್ನು ವಿಯೆನ್ನಾದ ಕಾಡಿನಲ್ಲಿ ಚೆಲ್ಲಿದರು. 2014ರಲ್ಲಿ ಅಮೆರಿಕದ ಆವಿಷ್ಕಾರಕರ ಗೌರವಪಟ್ಟಿಗೆ ಅವರ ಮತ್ತು ಆಂಥೈಲ್ ಅವರ ಹೆಸರು ಸೇರಿತು.

ಆ ಪೇಟೆಂಟನ್ನು ಇವತ್ತು ಯಾರು ಬೇಕಾದರೂ ಮೊಬೈಲಿನಲ್ಲೇ ತೆರೆದು ನೋಡಬಹುದು. ಅದರ ಸಂಖ್ಯೆ 2,292,387. ಹೆಡಿ ಲಮಾರ್ ಎಂಬ ಹೆಸರು ಹುಡುಕಿದರೆ ಅದರಲ್ಲಿ ಸಿಗುವುದಿಲ್ಲ, ಆಗಿನ ಮದುವೆಯ ಹೆಸರಾದ ಹೆಡಿ ಕೀಸ್ಲರ್ ಮಾರ್ಕಿ ಎಂದಿರುತ್ತದೆ. ವೈಫೈ ಎಂಬ ಪದವಂತೂ ಇಲ್ಲವೇ ಇಲ್ಲ. ಪಿಯಾನೊ ಇದೆ.